ಮಾತು ಕೊಟ್ಟವರು ಯಾರು, ಪ್ರಾಣ ಕೊಟ್ಟವರು ಯಾರು?



ಮಾರ್ಚ್ 25ರ ಮಂಗಳವಾರ್ತೆಯ ಮಹೋತ್ಸವ ಬಂತೆಂದರೆ ನಮ್ಮ ಪ್ರಬೋಧನೆಗಳಲ್ಲಿ 'ತ್ಯಾಗಮಯಿ' ಎಂಬ ಪದ ತಪ್ಪದೆ ಬರುತ್ತದೆ. ಮಾತೆ ಮರಿಯಮ್ಮನವರು ತ್ಯಾಗಮಯಿ, ನಮ್ಮನ್ನು ಹೆತ್ತವರು ತ್ಯಾಗಮಯಿಗಳು, ಹೆಣ್ಣೆಂದರೆ ತ್ಯಾಗದ ಮೂರ್ತಿ. ಪದವೇನೋ ಒಳ್ಳೆಯದೇ. ಆದರೆ ಸಿರುಗುಪ್ಪದಂತಹ ಊರಿನಲ್ಲಿ, ವಾರವೆಲ್ಲ ಭತ್ತದ ಗದ್ದೆಯ ಕೆಸರಿನಲ್ಲಿ ಬಗ್ಗಿ ನಾಟಿ ಮಾಡಿ ಭಾನುವಾರ ದೇವಾಲಯಕ್ಕೆ ಬಂದು ಕುಳಿತ ಹೆಣ್ಣುಮಕ್ಕಳ ಮುಂದೆ ಆ ಪದವನ್ನು ಆಡುವಾಗ, ಅದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ನೋಡಬೇಕೆನಿಸುತ್ತದೆ. ಯಾರು ಯಾರಿಗಾಗಿ ಏನನ್ನು ಬಿಟ್ಟರು? ಬಿಡು ಎಂದು ಹೇಳಿದವರು ಯಾರು? ಈ ಪ್ರಶ್ನೆಗೆ ನಮ್ಮ ಕನ್ನಡದ ಹಾಡು ಕಥೆಗಳು ನಾವು ಭಾವಿಸಿರುವುದಕ್ಕಿಂತ ಹೆಚ್ಚು ಬೆಳಕು ಕೊಡುತ್ತವೆ.

ತ್ಯಾಗದ ನಾಯಕಿ ಎಂದೊಡನೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವವಳು 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆಯ ಭಾಗೀರಥಿ. ಶಾಲೆಯಲ್ಲಿ ಓದಿದವರಿಗೆ ಕಥೆ ಗೊತ್ತು. ಕಲ್ಲನಕೇರಿಯ ಮಲ್ಲನಗೌಡ ಊರಿಗೆಂದು ಕೆರೆ ಕಟ್ಟಿಸುತ್ತಾನೆ. ಎಷ್ಟು ಅಗೆದರೂ ಒಂದು ಹನಿ ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿ ಕೇಳಿದಾಗ, ಮನೆಯ ಸೊಸೆಯನ್ನು ಕೆರೆಗೆ ಆಹುತಿ ಕೊಡಬೇಕೆಂಬ ಮಾತು ಬರುತ್ತದೆ. ಹಿರಿಯ ಸೊಸೆ ಮಲ್ಲವ್ವನನ್ನು ಕೊಟ್ಟರೆ ಮನೆಯ ಹಿರಿತನ ನಡೆಸುವವರು ಯಾರು? ಹಾಗಾಗಿ ಕಿರಿಯ ಸೊಸೆ ಭಾಗೀರಥಿ ಎಂದು ತೀರ್ಮಾನವಾಗುತ್ತದೆ.

ಈ ತೀರ್ಮಾನದ ಕ್ರಮವನ್ನು ಗಮನಿಸಿ. ಊರಿನ ಒಳಿತೆಂಬುದು ದೊಡ್ಡ ಮೌಲ್ಯ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಕೆರೆಯಿಲ್ಲದ ಬಯಲುಸೀಮೆಯ ಊರು ಏನಾಗುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಆ ಮೌಲ್ಯಕ್ಕೆ ಬೆಲೆ ತೆರಬೇಕಾಗಿ ಬಂದಾಗ, ಕೆರೆ ಕಟ್ಟಿಸಿದ ಗೌಡನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ, ಗಂಡುಮಕ್ಕಳ ಹೆಸರೂ ಬರುವುದಿಲ್ಲ. ಮನೆಗೆ ಅತ್ಯಂತ ಈಚೆಗೆ ಬಂದವಳು, ಅಧಿಕಾರ ಅತ್ಯಂತ ಕಡಿಮೆ ಇರುವವಳು, ಗಂಡ ದಂಡಿಗೆ ಹೋಗಿ ಒಂಟಿಯಾಗಿರುವವಳು, ಅವಳೇ ಸಿಗುತ್ತಾಳೆ. ಅವಳನ್ನು ಒಂದು ಮಾತು ಕೇಳುವುದೂ ಇಲ್ಲ.

ಸುದ್ದಿ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ. ಹಾಡಿನ ಈ ಭಾಗವನ್ನು ಕಟ್ಟಿದ ಹೆಣ್ಣುಮಕ್ಕಳ ಒಳನೋಟಕ್ಕೆ ಕೈಮುಗಿಯಬೇಕು. ಮುಖ ಬಾಡಿದ್ದೇಕೆಂದು ಅಪ್ಪ ಕೇಳಿದರೆ ಅವಳು ನಿಜ ಹೇಳುವುದಿಲ್ಲ. ಅತ್ತೆ ಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಅಪ್ಪ ಹೊಲ ಕೊಡುತ್ತೇನೆನ್ನುತ್ತಾನೆ, ಅವ್ವ ಒಡವೆ ಕೊಡುತ್ತೇನೆನ್ನುತ್ತಾಳೆ, ಅಕ್ಕ ತನ್ನ ಮಕ್ಕಳನ್ನೇ ಕೊಡುತ್ತೇನೆನ್ನುತ್ತಾಳೆ. ಎಲ್ಲರಿಗೂ ಪ್ರೀತಿಯಿದೆ. ಆದರೆ ಮದುವೆಯಾಗಿ ಹೋದ ಮಗಳು ಬಾಯಿಬಿಟ್ಟು ಹೇಳಲಾರದ ಸಂಗತಿಯೊಂದು ಇರಬಹುದು ಎಂಬ ಅನುಮಾನ ಯಾರಿಗೂ ಬರುವುದಿಲ್ಲ. ಕೊನೆಗೆ ಅವಳು ನಿಜ ಹೇಳುವುದು ಗೆಳತಿಯ ಮನೆಯಲ್ಲಿ. ಗೆಳತಿಯೋ, ಅವರು ಕೊಟ್ಟರೆ ಕೊಡಲಿ, ಇಟ್ಟಂತೆ ಇರಬೇಕು ಎಂಬ ಅರ್ಥದ ಸಮಾಧಾನ ಹೇಳಿ ಕಳಿಸುತ್ತಾಳೆ. ಆಕೆಯನ್ನು ಬೈಯಲು ನನಗೆ ಮನಸ್ಸಿಲ್ಲ. ಬೇರೆ ಮಾತು ಅವಳಿಗೆ ಯಾರು ಕಲಿಸಿದ್ದರು?

ಆಮೇಲಿನದು ಎಲ್ಲರಿಗೂ ನೆನಪಿರುವ ಭಾಗ. ಗಂಗೆಯ ಪೂಜೆಗೆಂದು ಮನೆಯವರೆಲ್ಲ ಕೆರೆಗೆ ಹೋಗಿ, ಪೂಜೆ ಊಟ ಮುಗಿಸಿ ಹೊರಟ ಮೇಲೆ ಬಂಗಾರದ ಬಟ್ಟಲು ಮರೆತುಬಂದಿದ್ದೇವೆಂಬ ನೆಪ ಏಳುತ್ತದೆ. ತರಲು ಹೋದವಳು ಭಾಗೀರಥಿ. ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ, ಕೆರೆ ತುಂಬುತ್ತದೆ. ಅತ್ತ ದಂಡಿನಲ್ಲಿದ್ದ ಗಂಡ ಮಾದೇವರಾಯನಿಗೆ ಕೆಟ್ಟ ಕನಸು ಬೀಳುತ್ತದೆ. ಕುದುರೆ ಏರಿ ಬಂದವನಿಗೆ ಮನೆಯವರು ತವರಿಗೆ ಹೋಗಿದ್ದಾಳೆಂದು ಸುಳ್ಳು ಹೇಳುತ್ತಾರೆ, ತವರಿನವರು ಗೆಳತಿಯ ಮನೆ ತೋರಿಸುತ್ತಾರೆ. ನಿಜ ತಿಳಿದ ಅವನು ಬಂದು ಅದೇ ಕೆರೆಗೆ ಹಾರುತ್ತಾನೆ.

ಅಲ್ಲಿಗೆ ಹಾಡು ನಿಲ್ಲುತ್ತದೆ. ತುಂಬಿದ ಕೆರೆಯಿಂದ ಊರು ಎಷ್ಟು ಬೆಳೆ ತೆಗೆಯಿತು, ದನಕರುಗಳು ಹೇಗೆ ತಣಿದವು ಎಂಬ ವರ್ಣನೆ ಬರುವುದಿಲ್ಲ. ಮೌಲ್ಯಕ್ಕಾಗಿ ಪ್ರಾಣ ಕೊಟ್ಟ ಧೀರೆಯ ಗುಣಗಾನವೇ ಹಾಡಿನ ಉದ್ದೇಶವಾಗಿದ್ದರೆ ಅಂಥದೊಂದು ಭಾಗ ಇರಬೇಕಾಗಿತ್ತಲ್ಲವೇ? ನಾವು ವೇದಿಕೆಯ ಮೇಲೆ ಭಾಗೀರಥಿಯನ್ನು ಹೊಗಳುತ್ತೇವೆ. ಹಾಡಿದ ಹೆಂಗಸರು ಮಾತ್ರ ಅವಳ ಹಿಂದೆ ತವರಿನ ಮನೆಮನೆಗೆ ನಡೆದರು, ಬಟ್ಟಲಿನ ಸುಳ್ಳನ್ನೂ ಸೊಸೆಯೆಲ್ಲಿ ಎಂಬ ಪ್ರಶ್ನೆಗೆ ಹೇಳಿದ ಸುಳ್ಳನ್ನೂ ಒಂದೊಂದಾಗಿ ಎಣಿಸಿಟ್ಟರು.

ಇದೆಲ್ಲ ಕಥೆಯಷ್ಟೇ ಎಂದು ತಳ್ಳಿಹಾಕಲಾಗದು. ಕೃಷ್ಣದೇವರಾಯನ ಕಾಲದಲ್ಲಿ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಇಂದಿನ ಹೊಸಪೇಟೆಯ ಬಳಿ ಎರಡು ಗುಡ್ಡಗಳ ನಡುವೆ ದೊಡ್ಡ ಕೆರೆಯೊಂದನ್ನು ಕಟ್ಟುತ್ತಿದ್ದುದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. 15ರಿಂದ 20 ಸಾವಿರ ಆಳುಗಳು ಇರುವೆಗಳಂತೆ ಕೆಲಸ ಮಾಡುತ್ತಿದ್ದರಂತೆ. ಕಟ್ಟೆ ಎರಡು ಮೂರು ಸಲ ಒಡೆದಾಗ ಬಲಿ ಬೇಕೆಂಬ ಸಲಹೆ ಬಂದು, 60 ಜನರನ್ನೂ ಕೆಲವು ಕುದುರೆ ಕೋಣಗಳನ್ನೂ ಕೊಲ್ಲಿಸಲಾಯಿತೆಂದು ಅವನ ಬರಹ ಹೇಳುತ್ತದೆ. ಕೆಲವು ವರ್ಷಗಳ ತರುವಾಯ ಬರೆದ ನೂನಿಜ್, ತಲೆ ಕೊಟ್ಟವರು ಮರಣದಂಡನೆಗೆ ಯೋಗ್ಯರಾದ ಸೆರೆಯಾಳುಗಳು ಎನ್ನುತ್ತಾನೆ. ಆ ಕೆರೆಯ ಕೆಲಸಕ್ಕೆ ನೆರವಾದ ಕಲ್ಲುಕೆಲಸದ ನಿಪುಣ ಜೋವಾ ಡಿ ಲಾ ಪೋಂಟೆ ಎಂಬ ಪೋರ್ಚುಗೀಸನೆಂದೂ ಅವನೇ ತಿಳಿಸುತ್ತಾನೆ. ಹಾಡಿನಲ್ಲಿ ಕಿರಿಯ ಸೊಸೆ, ಚರಿತ್ರೆಯಲ್ಲಿ ಸೆರೆಯಾಳು. ಬೇಡವೆನ್ನುವ ಶಕ್ತಿ ಇಬ್ಬರಿಗೂ ಇರಲಿಲ್ಲ. (ವಿಜಯನಗರದ ಅರಸರ ಕಾಲುವೆಗಳಲ್ಲೊಂದು ನಮ್ಮ ಸಿರುಗುಪ್ಪದ ಹೆಸರಿನದೇ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ನಮ್ಮ ತಾಲ್ಲೂಕು ಅಕ್ಕಿಯ ಕಣಜವಾಯಿತು. ಆ ನೀರಿನಡಿಯಲ್ಲಿ ಹಳೆಯ ನಾರಾಯಣದೇವರಕೆರೆಯಂತಹ ಊರುಗಳು ಮುಳುಗಿದವು. ಅನ್ನದ ತಟ್ಟೆಯ ಮುಂದೆ ಕುಳಿತಾಗ ಅವರ ನೆನಪು ನಮಗೆ ಎಷ್ಟು ಸಲ ಬರುತ್ತದೆ?)

ಇನ್ನೊಬ್ಬರ ಮನೆಯ ಕಥೆಯನ್ನು ಹೀಗೆ ಬಿಡಿಸಿ ನೋಡಿದ ಮೇಲೆ ನಮ್ಮ ಮನೆಯದನ್ನೂ ನೋಡಬೇಕು. ಶ್ರೀಗ್ರಂಥದ ನ್ಯಾಯಸ್ಥಾಪಕರ ಗ್ರಂಥದ 11ನೆಯ ಅಧ್ಯಾಯದಲ್ಲಿ ಭಾಗೀರಥಿಯ ಅಕ್ಕನೋ ತಂಗಿಯೋ ಎನ್ನುವಂತಹ ಹುಡುಗಿಯೊಬ್ಬಳಿದ್ದಾಳೆ. ಎರಡು ವರ್ಷಕ್ಕೊಮ್ಮೆ ಆಗಸ್ಟ್ ತಿಂಗಳಿನಲ್ಲಿ, ವಾರದ ದಿನದ ಬಲಿಪೂಜೆಯಲ್ಲಿ ಈ ವಾಚನ ಬರುತ್ತದೆ. ಭಾನುವಾರ ಮಾತ್ರ ಬರುವವರು ಇದನ್ನು ಕೇಳಿರಲಾರರು.

ಗಿಲ್ಯಾದಿನ ಯೆಪ್ತಾಹ ಅಮ್ಮೋನಿಯರ ಮೇಲೆ ಯುದ್ಧಕ್ಕೆ ಹೊರಡುವಾಗ ಹರಕೆ ಹೊರುತ್ತಾನೆ: ಗೆದ್ದು ಬಂದರೆ ತನ್ನ ಮನೆಯ ಬಾಗಿಲಿನಿಂದ ಮೊದಲು ಎದುರುಬರುವುದನ್ನು ದೇವರಿಗೆ ದಹನಬಲಿಯಾಗಿ ಅರ್ಪಿಸುವೆನೆಂದು. ಗೆದ್ದು ಬರುತ್ತಾನೆ. ಎದುರು ಬಂದವಳು ದಮ್ಮಡಿ ಬಡಿಯುತ್ತ ಕುಣಿಯುತ್ತ ಬಂದ ಅವನ ಒಬ್ಬಳೇ ಮಗಳು. ಅಪ್ಪ ಬಟ್ಟೆ ಹರಿದುಕೊಂಡು ಗೋಳಾಡುತ್ತಾನೆ. ಆ ಗೋಳಿನಲ್ಲಿಯೂ ತನ್ನನ್ನು ಸಂಕಟಕ್ಕೆ ಗುರಿಮಾಡಿದವಳು ಮಗಳೇ ಎಂಬ ದೂರಿದೆ. ಹುಡುಗಿ ವಾದ ಮಾಡುವುದಿಲ್ಲ. ಗೆಳತಿಯರ ಜೊತೆ ಬೆಟ್ಟಗಳಲ್ಲಿ ಅಲೆದು, ಮದುವೆ ಮಕ್ಕಳು ಕಾಣದೆ ಹೋಗುವ ತನ್ನ ಬಾಳಿಗಾಗಿ ಅಳಲು ಎರಡು ತಿಂಗಳ ಬಿಡುವು ಕೇಳುತ್ತಾಳೆ. ಅವಧಿ ಮುಗಿದ ಮೇಲೆ ಮರಳಿ ಬರುತ್ತಾಳೆ. ಅವಳ ಹೆಸರನ್ನು ಗ್ರಂಥ ಹೇಳಿಲ್ಲ. ಇಸ್ರಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಅವಳಿಗಾಗಿ ಶೋಕಿಸುವ ಪದ್ಧತಿ ಇತ್ತೆಂದಷ್ಟೇ ಹೇಳಿ ಮುಗಿಸುತ್ತದೆ.

ಭಾಗೀರಥಿಗೆ ಗೆಳತಿಯ ಮನೆ, ಈಕೆಗೆ ಗೆಳತಿಯರೊಡನೆ ಬೆಟ್ಟ. ದೇವರು ಈ ಬಲಿಯನ್ನು ಕೇಳಿದರೆಂದು ಗ್ರಂಥದಲ್ಲಿ ಒಂದಕ್ಷರವೂ ಇಲ್ಲ. ಮಕ್ಕಳನ್ನು ಬಲಿ ಕೊಡುವುದು ದೇವರಿಗೆ ಅಸಹ್ಯವೆಂದು ಧರ್ಮೋಪದೇಶಕಾಂಡ ಸ್ಪಷ್ಟವಾಗಿ ಹೇಳುತ್ತದೆ. ಇಸಾಕನ ಮೇಲೆ ಎತ್ತಿದ ಅಬ್ರಹಾಮನ ಕೈಯನ್ನು ದೇವದೂತ ತಡೆದ. ಇಲ್ಲಿ ತಡೆಯಬೇಕಾಗಿದ್ದವರು ಮನುಷ್ಯರು. ಯೆಹೂದ್ಯ ಪಂಡಿತರು ಇದಕ್ಕೆ ಕೊಟ್ಟ ವಿವರಣೆ ಸ್ವಾರಸ್ಯವಾಗಿದೆ. ತಪ್ಪು ಹರಕೆಯನ್ನು ಬಿಡಿಸುವ ಅಧಿಕಾರ ಯಾಜಕ ಫೀನೆಹಾಸನಿಗಿತ್ತು. ಆದರೆ ನಾನು ಮಹಾಯಾಜಕ, ಅವನ ಬಳಿಗೆ ನಾನೇಕೆ ಹೋಗಲಿ ಎಂದು ಇವನು ಕುಳಿತ. ನಾನು ದಂಡನಾಯಕ, ನಾನೇಕೆ ಹೋಗಲಿ ಎಂದು ಅವನು ಕುಳಿತ. ಇಬ್ಬರು ದೊಡ್ಡವರ ಬಿಂಕದ ನಡುವೆ ಹುಡುಗಿ ಸತ್ತಳು. ಯಾಜಕರಾದ ನಾವು ಈ ವಿವರಣೆಯನ್ನು ಆಗಾಗ ಓದಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಸಾಹಿತ್ಯದ ತ್ಯಾಗವೆಲ್ಲ ಇಂಥದೇ? ಖಂಡಿತ ಅಲ್ಲ. ಗೋವಿನ ಹಾಡಿನ ಪುಣ್ಯಕೋಟಿಯನ್ನು ನೋಡಿ. ಅವಳೂ ಪ್ರಾಣ ಕೊಡಲು ಹೊರಟವಳೇ. ಆದರೆ ಹುಲಿಗೆ ಮಾತು ಕೊಟ್ಟವಳು ಅವಳೇ. ಕೊಟ್ಟದ್ದು ಹಸಿದ ಕರುವಿಗೆ ಕೊನೆಯ ಸಲ ಹಾಲೂಡಿಸಿ ಬರುವುದಕ್ಕಾಗಿ. ದೊಡ್ಡಿಗೆ ಬಂದು ಕರುವಿಗೆ ವಿಷಯ ಮುಚ್ಚಿಡುವುದಿಲ್ಲ. ಉಳಿದ ಹಸುಗಳಿಗೆ ಹೇಳಿ ಮಗುವನ್ನು ಅವರ ಮಡಿಲಿಗೆ ಹಾಕುತ್ತಾಳೆ. ಮರಳಿ ಹೋಗದಿದ್ದರೆ ಅವಳನ್ನು ಹಿಡಿದು ತರುವವರು ಯಾರೂ ಇರಲಿಲ್ಲ. ಆದರೂ ಹೋದಳು. ಕೊನೆಗೆ ಬದಲಾದದ್ದು ಹುಲಿ. ಇಂಥ ತ್ಯಾಗದ ಮುಂದೆ ಬಲಶಾಲಿಯ ಮನಸ್ಸು ಕರಗುತ್ತದೆ. ಕೆರೆಯ ಕಥೆಯಲ್ಲಿ ಮಲ್ಲನಗೌಡನ ಮನಸ್ಸು ಕರಗಿತೆಂಬ ಸುದ್ದಿಯಿಲ್ಲ. ಅರಮನೆಯನ್ನೂ ಕೌಶಿಕ ರಾಜನನ್ನೂ ಬಿಟ್ಟು ತನ್ನ ಚೆನ್ನಮಲ್ಲಿಕಾರ್ಜುನನನ್ನು ಹುಡುಕಿ ನಡೆದ ಅಕ್ಕಮಹಾದೇವಿಯನ್ನೂ ಪುಣ್ಯಕೋಟಿಯ ಸಾಲಿನಲ್ಲೇ ನಿಲ್ಲಿಸಬೇಕು. ಅವಳು ಬಿಟ್ಟದ್ದು ತನ್ನದನ್ನು, ತನ್ನ ಮನಸ್ಸಿನಿಂದ.

ಇವೆರಡರ ನಡುವೆ ನಿಲ್ಲುವವಳು ಚಂದ್ರಮತಿ. ಹಂಪೆಯ ರಾಘವಾಂಕ 13ನೆಯ ಶತಮಾನದಲ್ಲಿ ಬರೆದ ಹರಿಶ್ಚಂದ್ರ ಕಾವ್ಯ ನಮ್ಮ ಸೀಮೆಯದೇ ಕೃತಿ. ಸತ್ಯದ ವ್ರತ ಹರಿಶ್ಚಂದ್ರನದು. ಅದರ ಸಾಲ ತೀರಿಸಲು ಕಾಶಿಯಲ್ಲಿ ಮೊದಲು ಮಾರಾಟವಾದವರು ಹೆಂಡತಿ ಮತ್ತು ಮಗ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ರಾತ್ರಿ ಕತ್ತಲೆಯಲ್ಲಿ ಹುಡುಕಿ, ಸುಡಲು ತಂದಾಗ, ಸುಡುಗಾಡಿನ ತೆರಿಗೆ ಕೇಳಿದವನು ಸ್ವಂತ ಗಂಡ. ಚಂದ್ರಮತಿಯ ಪ್ರಲಾಪದ ಭಾಗ ಶಾಲೆಯ ಪಾಠವಾಗಿ ಎಷ್ಟೋ ತಲೆಮಾರುಗಳನ್ನು ಅಳಿಸಿದೆ. ಬಳ್ಳಾರಿ ರಾಘವರು (1880–1946) ಹರಿಶ್ಚಂದ್ರನ ಪಾತ್ರ ಮಾಡಿದ ನಾಡಿದು. ಗಡಿಯಾಚೆಯ ಆದೋನಿಯ ಕಡೆಯಿಂದ ಬರುವ ತೆಲುಗು ಪದ್ಯನಾಟಕದ ಸುಡುಗಾಡಿನ ದೃಶ್ಯವನ್ನು ನಮ್ಮ ಹಿರಿಯರು ಇಂದಿಗೂ ಬಾಯಿತುಂಬ ನೆನೆಯುತ್ತಾರೆ. ಆ ದೃಶ್ಯದಲ್ಲಿ ಜನ ಅಳುವುದು ಚಂದ್ರಮತಿಗಾಗಿ, ಬಿರುದು ಮಾತ್ರ ಸತ್ಯಹರಿಶ್ಚಂದ್ರನಿಗೆ. ಅವಳು ಆ ಸತ್ಯವನ್ನು ತನ್ನದೆಂದೇ ಒಪ್ಪಿ ನಡೆದಳು ಎನ್ನಬಹುದು, ನಿಜ. ಹಾಗಾದರೆ ಬಿರುದಿನಲ್ಲಿ ಅವಳಿಗೆ ಅರ್ಧ ಪಾಲಾದರೂ ಸಲ್ಲಬೇಡವೇ?

ಕನ್ನಡದ ಕಾದಂಬರಿಗಳು ಬಂದ ಮೇಲೆ ನಾಯಕಿ ಬಾಯಿಬಿಡುತ್ತಾಳೆ. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿದೆ. ಎಳೆಯ ವಿಧವೆಯಾದ ಅದರ ನಾಯಕಿ ತನ್ನ ಮೇಲೆ ಹೇರಿದ 'ತ್ಯಾಗ'ವನ್ನು ಒಪ್ಪದೆ ಓದಿ ಮರುಮದುವೆಯಾಗುತ್ತಾಳೆ. ಆದರೆ ನನಗೆ ಹೆಚ್ಚು ಹತ್ತಿರವಾದವಳು ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976). ಲೇಖಕಿಯ ಮನೆತನದಲ್ಲಿ ನಿಜವಾಗಿ ಬಾಳಿದ್ದ ಹಿರಿಯಳೊಬ್ಬಳ ಕಥೆಯಿದು. ಬಾಲ್ಯದಲ್ಲಿಯೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಇಡೀ ಬದುಕನ್ನು ಇತರರ ಮನೆಯ ಕೆಲಸದಲ್ಲಿ ಸವೆಸಿದವಳು. ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಇಂಥವಳು ಕಹಿಯಾಗಬಹುದಿತ್ತು, ತಾನು ಅನುಭವಿಸಿದ್ದನ್ನು ಮುಂದಿನವರೂ ಅನುಭವಿಸಲಿ ಎನ್ನಬಹುದಿತ್ತು. ನಮ್ಮ ಮನೆಗಳ ಎಷ್ಟೋ ಅತ್ತೆಯರು ಹಾಗೆ ಅಂದಿದ್ದಾರೆ. ಆದರೆ ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಫಣಿಯಮ್ಮ ಅವಳ ಪರವಾಗಿ ಮಾತಾಡುತ್ತಾಳೆ. ತಾನು ಒಂದು ಮಾತೂ ಎದುರಾಡದೆ ಹೊತ್ತ ಭಾರವನ್ನು ಮತ್ತೊಬ್ಬಳ ತಲೆಗೆ ಏರಿಸಲು ಬಿಡುವುದಿಲ್ಲ. ತ್ಯಾಗ ಎಂದರೆ ಇದೂ ಹೌದೆಂದು ನನಗನಿಸುತ್ತದೆ. ಸಾಯುವ ನಾಯಕಿಯರಿಗೆ ಸಿಗುವಷ್ಟು ಚಪ್ಪಾಳೆ ಇಂಥವರಿಗೆ ಸಿಗುವುದಿಲ್ಲ, ಅಷ್ಟೇ.

ಇಷ್ಟನ್ನೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಭಾಗೀರಥಿಯನ್ನು ಹುಡುಕಲು ನಾವು ಕಲ್ಲನಕೇರಿಗೆ ಹೋಗಬೇಕಾಗಿಲ್ಲ. ಗಂಡುಮಗುವಿಲ್ಲದ ಮನೆಯಲ್ಲಿ ಮಗಳನ್ನು 'ಬಸವಿ ಬಿಡುವ' ಪದ್ಧತಿ ನಮ್ಮ ಜಿಲ್ಲೆಯಲ್ಲಿ ಬಹುಕಾಲ ನಡೆಯಿತು. ಮನೆತನ ಉಳಿಯಲೆಂದೋ, ಕಾಯಿಲೆ ವಾಸಿಯಾಗಲೆಂದೋ, ಹಿರಿಯರು ಹೊತ್ತ ಹರಕೆಗಾಗಿ ಹುಡುಗಿಯೊಬ್ಬಳಿಗೆ ಮುತ್ತು ಕಟ್ಟಿದರು. ಹರಕೆ ಯಾರದು, ಬಾಳು ಯಾರದು? ಕರ್ನಾಟಕ ಸರ್ಕಾರ 1982ರಲ್ಲಿ ಇದನ್ನು ನಿಷೇಧಿಸಿ ಕಾಯ್ದೆ ಮಾಡಿತು. ಆಮೇಲೆಯೂ, 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಲಾದ ದೇವದಾಸಿ ಮಹಿಳೆಯರ ಸಂಖ್ಯೆ 46 ಸಾವಿರವನ್ನು ದಾಟಿತು. ಒಬ್ಬೊಬ್ಬಳ ಹಿಂದೆಯೂ ಒಂದು ಮನೆ, ಒಂದು ಹೊತ್ತಿಗೆ, ಒಂದು ಬಂಗಾರದ ಬಟ್ಟಲು ಇದ್ದಿರಬೇಕು.

ಇದು ನಮ್ಮ ಮನೆಯ ವಿಷಯವಲ್ಲ ಎಂದು ಕ್ರೈಸ್ತರು ನಿಟ್ಟುಸಿರು ಬಿಡುವಂತಿಲ್ಲ. ಮಾರ್ಚ್ ತಿಂಗಳೆಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾಲ. ಪರೀಕ್ಷೆ ಮುಗಿದ ಮೇಲೆ ಮನೆಯಲ್ಲಿ ಒಂದು ಲೆಕ್ಕ ನಡೆಯುತ್ತದೆ. ತಮ್ಮ ಓದಬೇಕು, ಅವ್ವನಿಗೆ ಸೊಂಟನೋವು, ಅಪ್ಪ ಗುಳೆ ಹೋಗಬೇಕು, ಸಾಲ ತೀರಿಲ್ಲ. ಎಲ್ಲವೂ ನಿಜವಾದ ಕಷ್ಟಗಳೇ. ಲೆಕ್ಕದ ಕೊನೆಗೆ ಮಾತ್ರ ಉತ್ತರ ಯಾವಾಗಲೂ ಒಂದೇ ಬರುತ್ತದೆ: ಹುಡುಗಿ ಓದು ಬಿಡಲಿ, ಇಲ್ಲವೇ ಬೇಸಿಗೆಯಲ್ಲಿ ಅವಳ ಮದುವೆ ಮುಗಿಸೋಣ. ನಮ್ಮ ಹುಡುಗಿ ಮನೆಗಾಗಿ ಎಷ್ಟು ತ್ಯಾಗ ಮಾಡಿದಳು ನೋಡಿ ಸ್ವಾಮಿ ಎಂದು ಹೆಮ್ಮೆಯಿಂದ ಹೇಳುವವರೂ ಇದ್ದಾರೆ. ಅವಳನ್ನು ಕೇಳಿದಿರಾ ಎಂದರೆ, ಅವಳೇನು ಹೇಳ್ತಾಳೆ ಸ್ವಾಮಿ, ಸುಮ್ಮನೆ ಇದ್ದಳು ಎನ್ನುತ್ತಾರೆ. ಭಾಗೀರಥಿಯೂ ತವರಿನಲ್ಲಿ ನಿಜ ಹೇಳದೆ ಸುಮ್ಮನೆಯೇ ಇದ್ದಳಲ್ಲವೇ? ಹದಿನೆಂಟು ತುಂಬದ ಹುಡುಗಿಯ ಮದುವೆಯ ಸುಳಿವು ಸಿಕ್ಕವರು 1098ಕ್ಕೆ ಕರೆಮಾಡಬಹುದು. ಕರೆ ಉಚಿತ.

ಈಗ ನಜರೇತಿಗೆ ಬರೋಣ. ಸಂಖ್ಯಾಕಾಂಡದ 30ನೆಯ ಅಧ್ಯಾಯದಲ್ಲಿ ಹರಕೆಗಳ ಕುರಿತ ನಿಯಮಗಳಿವೆ. ತಂದೆಯ ಮನೆಯಲ್ಲಿರುವ ಹುಡುಗಿ ಹರಕೆ ಹೊತ್ತರೆ ತಂದೆ ಅದನ್ನು ರದ್ದುಮಾಡಬಹುದು, ಮದುವೆಯಾದವಳು ಹೊತ್ತರೆ ಗಂಡ ರದ್ದುಮಾಡಬಹುದು. ತಂದೆಯ ಹರಕೆಯನ್ನು ಮಗಳು ರದ್ದುಮಾಡುವ ನಿಯಮವಿಲ್ಲ. ಯೆಪ್ತಾಹನ ಮಗಳು ಸಿಕ್ಕಿಬಿದ್ದದ್ದು ಇಂಥ ಲೋಕದಲ್ಲಿ. ಮರಿಯ ಹುಟ್ಟಿ ಬೆಳೆದ ಲೋಕವೂ ಅದೇ. ಅಂಥಲ್ಲಿ ಗಬ್ರಿಯೇಲ ದೂತ ಅವರ ತಂದೆಯ ಬಳಿ ಹೋಗಲಿಲ್ಲ, ನಿಶ್ಚಿತಾರ್ಥವಾಗಿದ್ದ ಜೋಸೆಫರ ಬಳಿಗೂ ಮೊದಲು ಹೋಗಲಿಲ್ಲ. ನೇರವಾಗಿ ಆ ಹುಡುಗಿಯ ಬಳಿಗೇ ಬಂದ. ಸಂತ ಲೂಕರು ಬರೆದ ಕ್ರಮವನ್ನು ಗಮನಿಸಿ: ಅವರು ಕಳವಳಗೊಂಡರು, ಯೋಚಿಸಿದರು, ಇದು ಹೇಗೆ ಆದೀತೆಂದು ಪ್ರಶ್ನೆ ಕೇಳಿದರು. ದೂತ ಬೇಸರಪಡಲಿಲ್ಲ, ವಿವರಿಸಿದ, ಅಡಗಿಸಿಟ್ಟ ಬಟ್ಟಲು ಯಾವುದೂ ಇರಲಿಲ್ಲ. ನಂತರವೇ ಅವರ ಒಪ್ಪಿಗೆ ಬಂತು. 12ನೆಯ ಶತಮಾನದ ಸಂತ ಬೆರ್ನಾರ್ಡರು ತಮ್ಮ ಪ್ರಬೋಧನೆಯಲ್ಲಿ ಆ ಗಳಿಗೆಯನ್ನು ಕಲ್ಪಿಸಿಕೊಳ್ಳುತ್ತಾರೆ. ಆದಾಮ, ಅಬ್ರಹಾಂ, ದಾವೀದ, ಇಡೀ ಲೋಕವೇ ಆ ಹುಡುಗಿಯ ಉತ್ತರಕ್ಕಾಗಿ ಮೊಣಕಾಲೂರಿ ಕಾಯುತ್ತಿತ್ತಂತೆ. ಅಂದರೆ ಆಕೆ ಬೇಡವೆನ್ನಬಹುದಾದ ಸಾಧ್ಯತೆ ನಿಜವಾಗಿತ್ತು. ಮುಂದೆ ಶಿಲುಬೆಯ ಬುಡದವರೆಗೆ ಅವರು ನಡೆದ ದಾರಿಯನ್ನೆಲ್ಲ ತ್ಯಾಗವೆಂದು ಕರೆಯಲು ನಮಗೆ ಹಕ್ಕು ಬಂದದ್ದು ಈ ಕಾಯುವಿಕೆಯಿಂದ.

ಉತ್ತರ ಕೊಟ್ಟ ಮೇಲೆ ಮರಿಯಮ್ಮನವರೂ ಊರು ಬಿಟ್ಟು ಹೊರಟರು. ಹೋದದ್ದು ಯೂದಾಯದ ಬೆಟ್ಟದ ಸೀಮೆಗೆ, ಬಂಧು ಎಲಿಜಬೇತಮ್ಮನ ಮನೆಗೆ. ಭಾಗೀರಥಿಯ ಗೆಳತಿಯ ಹಾಗೆ ಆಕೆ ಇಟ್ಟಂತೆ ಇರು ಎನ್ನಲಿಲ್ಲ. ಬಾಗಿಲಲ್ಲಿಯೇ ಕೂಗಿ ಆಶೀರ್ವದಿಸಿದಳು, ಹೊಟ್ಟೆಯೊಳಗಿನ ಕೂಸು ನಲಿದಾಡಿತೆಂದು ಹೇಳಿಕೊಂಡಳು. ಯೆಪ್ತಾಹನ ಮಗಳು ಬೆಟ್ಟಗಳಲ್ಲಿ ಎರಡು ತಿಂಗಳು ಅತ್ತಿದ್ದಳು. ಮರಿಯಮ್ಮನವರು ಆ ಬೆಟ್ಟದ ಮನೆಯಲ್ಲಿ ಸುಮಾರು ಮೂರು ತಿಂಗಳು ಇದ್ದರೆಂದು ಲೂಕರು ಬರೆಯುತ್ತಾರೆ. ಬಲಾಢ್ಯರನ್ನು ಗದ್ದುಗೆಯಿಂದ ಇಳಿಸುವ ದೇವರ ಕುರಿತು ಅವರು ಹಾಡಿದ್ದೂ ಅಲ್ಲಿಯೇ.